ಸಂಖ್ಯೆ ಬೀಳದ ಬಾಗಿಲುಗಳು

“ಚಪ್ಪಲಿ ಆಚೆ ಬುಟ್ಟು ಬನ್ನಿ ಸಾರ್. ಮಿಷನ್ನಿಗೆ ಧೂಳು ಆಗಲ್ಲ.”

ರಾಮಾಂಜಿನಪ್ಪ ಮೇಷ್ಟ್ರು ಹೊಸ್ತಿಲಾಚೆ ಚಪ್ಪಲಿ ಕಳಚಿದರು. ಕೊಡೆಯನ್ನು ಗೋಡೆಗೆ ಒರಗಿಸಿ, ಗೋಣಿತಾಟಿನ ಮೇಲೆ ಎರಡು ಸಲ ಪಾದ ಒರೆಸಿಕೊಂಡು ಒಳಗೆ ಬಂದರು. ಹೊಸೂರಿನ ಆ ಕೋಣೆಗೆ ಹೊರಗಿನ ಬಿಸಿಲಿನ ಪ್ರವೇಶವಿರಲಿಲ್ಲ. ಕಿಟಕಿಗೆ ಕೂರಿಸಿದ್ದ ಯಂತ್ರವೊಂದು ಗುಂಯ್‌ಗುಡುತ್ತ ತಣ್ಣನೆಯ ಗಾಳಿ ಬಿಡುತ್ತಿತ್ತು. ನಡುವಿನ ಮೇಜಿನ ಮೇಲೆ ಕಂಪ್ಯೂಟರು. ಅದರ ನೆತ್ತಿಯಲ್ಲಿ ಕಳೆದ ಆಯುಧಪೂಜೆಯ ಕುಂಕುಮ ಒಣಗಿ ಅಂಟಿಕೊಂಡಿತ್ತು.

ಆ ಯಂತ್ರದ ಮುಂದೆ ಕೂತಿದ್ದವನು ಮುನಿಯಲ್ಲಪ್ಪ. ಮೂಕಂಡಪಲ್ಲಿಯ ಕಾರ್ಖಾನೆ ಕೆಲಸಗಾರನ ಮಗ, ಇಪ್ಪತ್ನಾಲ್ಕರ ಪ್ರಾಯ. ಬಂದ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಊಡಿಸುವ ಕೆಲಸ ಅವನದು.

ಹೊನ್ನಗಾನಪಲ್ಲಿಯ ಊರಾಚೆಯ ದಲಿತರ ಕಾಲೋನಿಯಲ್ಲಿ ಆಗಸ್ಟ್ ತಿಂಗಳೊಂದರಲ್ಲೇ ಐವರು ವಾಂತಿಭೇದಿಯಿಂದ ಸತ್ತಿದ್ದರು. ರೋಗದ ಸುದ್ದಿಯನ್ನು ಮುಚ್ಚಿಟ್ಟಳೆಂಬ ಆರೋಪದ ಮೇಲೆ ಆ ಊರಿನ ನರ್ಸ್ ರಾಮಲಕ್ಷ್ಮಮ್ಮ ಅಮಾನತಾಗಿದ್ದಳು. ಸುತ್ತಲಿನ ಊರುಗಳೆಲ್ಲ ನಂಬುವ ಹಿರಿಯರೆಂದು ವಿಚಾರಣೆಯ ಹೊಣೆ ನಿವೃತ್ತ ಮೇಷ್ಟ್ರ ಹೆಗಲಿಗೆ ಬಂದಿತ್ತು. ಅಂದು ಶನಿವಾರ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಕೃಷ್ಣಗಿರಿಯ ಆರೋಗ್ಯಾಧಿಕಾರಿಗಳ ಮೇಜಿನ ಮೇಲೆ ವರದಿ ಇರಬೇಕು. ನಿಜವಾದ ತಪ್ಪಿತಸ್ಥ ಅಷ್ಟರೊಳಗೆ ಸಿಗದಿದ್ದರೆ ರಾಮಲಕ್ಷ್ಮಮ್ಮನ ನೌಕರಿ ಹೋಗುತ್ತಿತ್ತು. ಐದು ಸಾವುಗಳೂ ಅವಳ ಹೆಸರಿಗೆ ಬರೆದುಹೋಗುತ್ತಿದ್ದವು.

“ಈ ಯಂತ್ರ ಏನು ಮಾಡುತ್ತದೆ, ನನಗೆ ಒಂದನೇ ತರಗತಿಯ ಹುಡುಗನಿಗೆ ಹೇಳುವಂತೆ ಹೇಳು,” ಎಂದರು ಮೇಷ್ಟ್ರು.

ಮುನಿಯಲ್ಲಪ್ಪ ಉತ್ಸಾಹದಿಂದಲೇ ಹೇಳಿದ. ಹೊಸೂರಿನ ಸುತ್ತಲಿನ ನಲವತ್ತು ಹಳ್ಳಿಗಳನ್ನು ಬೆಂಗಳೂರಿನ ಸಂಸ್ಥೆಯೊಂದು ಪರೀಕ್ಷಾರ್ಥವಾಗಿ ಆರಿಸಿಕೊಂಡಿತ್ತು. ಯಾರಿಗೆ, ಯಾವ ಮನೆಯಲ್ಲಿ, ಯಾವ ಕಾಯಿಲೆ ಎಂದು ಪ್ರತಿ ಹಳ್ಳಿಯ ನರ್ಸು ಕಾರ್ಡಿನಲ್ಲಿ ಬರೆದು ಅಂಚೆಗೆ ಹಾಕಬೇಕು. ಒಂದೇ ಊರಿನ ಮೂರು ಮನೆಗಳಲ್ಲಿ ಒಂದೇ ವಾರ ವಾಂತಿಭೇದಿ ಕಂಡರೆ ಆ ಊರಿನ ಹೆಸರಿನ ಪಕ್ಕದಲ್ಲಿ ಯಂತ್ರ ಒಂದು ಚುಕ್ಕಿ ಅಚ್ಚುಹಾಕುತ್ತದೆ. ಚುಕ್ಕಿ ಬಿದ್ದ ಮರುದಿನವೇ ವೈದ್ಯರೂ ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯೂ ಇರುವ ವ್ಯಾನು ಹೊರಡುತ್ತದೆ.

“ಚುಕ್ಕಿ ಬೀಳದಿದ್ದರೆ?”

“ವ್ಯಾನಿಗೆ ಡೀಸೆಲ್ ಕೊಡಲ್ಲ ಸಾರ್.”

ಮೇಷ್ಟ್ರು ಆಗಸ್ಟ್ ತಿಂಗಳ ನಾಲ್ಕು ಹಾಳೆಗಳನ್ನು ಕೇಳಿ ಪಡೆದರು. ಅಂಚಿನಲ್ಲಿ ಸಾಲುತೂತುಗಳಿದ್ದ ಉದ್ದನೆಯ ಕಾಗದ. ಹೊನ್ನಗಾನಪಲ್ಲಿಯ ಎದುರು ಯಾವ ವಾರವೂ ಚುಕ್ಕಿ ಇರಲಿಲ್ಲ. ಆದರೆ ಬಂದ ಕಾರ್ಡುಗಳ ಲೆಕ್ಕದಲ್ಲಿ ಎರಡು, ಒಂದು, ಎರಡು, ಒಂದು ಎಂದಿತ್ತು. ಯಾರದೋ ಜ್ವರ, ಯಾರದೋ ಕೆಮ್ಮು.

ಮೇಷ್ಟ್ರ ಬೆರಳು ಅಲ್ಲೇ ನಿಂತಿತು. ಊರಿನವರ ಕೆಮ್ಮಿಗೆಲ್ಲ ತಪ್ಪದೆ ಕಾರ್ಡು ಬರೆದವಳು ಕಾಲೋನಿಯ ಸಾವಿಗೆ ಬರೆಯಲಿಲ್ಲವೆಂದರೆ ಹೇಗೆ ನಂಬುವುದು? ಅದನ್ನೇ ಕೇಳಿದರು.

“ಬಂದಿದ್ದನ್ನ ಹೊಡ್ದಿದೀನಿ ಸಾರ್. ಮಿಷನ್ ಸುಳ್ಳು ಹೇಳಲ್ಲ,” ಎಂದ ಮುನಿಯಲ್ಲಪ್ಪ. ಹೇಳುವಾಗ ಅವನ ಕಣ್ಣು ಮೂಲೆಯ ಕಬ್ಬಿಣದ ಬೀರುವಿನ ಕಡೆ ಹೋಗಿ ಹಿಂದಕ್ಕೆ ಬಂತು.

ಮೇಷ್ಟ್ರು ಅದನ್ನು ಗಮನಿಸಿದರು. ಮೂವತ್ತಾರು ವರ್ಷ ಗಡಿಯ ಕನ್ನಡ ಶಾಲೆಗಳಲ್ಲಿ ಹುಡುಗರ ಕಣ್ಣುಗಳನ್ನು ಓದಿದ್ದವರು ಅವರು. ಬೀರುವಿನಲ್ಲಿ ಏನಿದೆ ಎಂದು ಕೇಳಿದರು. ನಲವತ್ತು ಹಳ್ಳಿಗಳ ಮನೆಪಟ್ಟಿಯ ಮೂಲಪ್ರತಿಗಳಿವೆ, ಬೀಗದ ಕೈ ಮನೆಯಲ್ಲಿ ಮರೆತು ಬಂದಿದ್ದೇನೆ ಎಂದ. ಹಾಗಿದ್ದರೆ ಊಟಕ್ಕೆ ಹೋದಾಗ ತಂದಿಟ್ಟಿರು, ನಾಲ್ಕು ಗಂಟೆಗೆ ಬರುತ್ತೇನೆ ಎಂದು ಹೇಳಿ ಮೇಷ್ಟ್ರು ಹೊರಟರು. ಹೇಳಿಕೆಗೆ ರುಜು ಹಾಕಲು ರಾಮಲಕ್ಷ್ಮಮ್ಮನೂ ಅದೇ ಹೊತ್ತಿಗೆ ಅಲ್ಲಿಗೆ ಬರುವವಳಿದ್ದಳು.

ಆ ಹೇಳಿಕೆ ಅವರ ಜೇಬಿನಲ್ಲಿತ್ತು; ಅರ್ಧ ಪುಟವೂ ಇರಲಿಲ್ಲ. ‘ಕಾಲೋನಿಯ ಏಳು ಮಂದಿ ರೋಗಿಗಳ ಬಗ್ಗೆ ಏಳು ಕಾರ್ಡು ಬರೆದು ಅಂಚೆಗೆ ಹಾಕಿದ್ದೇನೆ. ಇದಕ್ಕಿಂತ ಹೆಚ್ಚಿಗೆ ಹೇಳುವುದು ಏನೂ ಇಲ್ಲ.’

ಬೇರಿಕೆಯ ಬಸ್ಸಿನಲ್ಲಿ ಕೂತು, ಬಾಗಲೂರು ದಾಟುವವರೆಗೂ ಮೇಷ್ಟ್ರು ಆ ಎರಡನೆಯ ವಾಕ್ಯವನ್ನೇ ಯೋಚಿಸಿದರು. ರಾಮಲಕ್ಷ್ಮಮ್ಮ ಅವರ ಶಿಷ್ಯೆ. ಗೌಡನಕುಂಟೆಯ ಕಾಲೋನಿಯಿಂದ ಹತ್ತನೆಯ ತರಗತಿ ದಾಟಿದ ಮೊದಲ ಹುಡುಗಿ. ಅವಳ ತಾಯಿ ಭದ್ರಮ್ಮನನ್ನು ಒಪ್ಪಿಸಿ, ಪುಸ್ತಕ ಕೊಡಿಸಿ ಓದಿಸಿದವರು ಇದೇ ಮೇಷ್ಟ್ರು. ನಾಲ್ಕೂರಿನ ಜನ ಈಗಲೂ ಅದನ್ನು ಹೇಳುತ್ತಿದ್ದರು. ಮಗಳು ಪಾಸಾದ ದಿನ ಭದ್ರಮ್ಮ ಒಂದು ಪುಟ್ಟಿ ಅವರೆಕಾಯಿ ಹೊತ್ತು ಅವರ ಮನೆಗೆ ಬಂದಿದ್ದಳು. ಗೇಟಿನ ಬಳಿ ಇಳಿಸಿ, ಅಲ್ಲಿಂದಲೇ ಕೈಮುಗಿದು ಹೋಗಿದ್ದಳು. ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ.

ಅವಳು ಯಾರನ್ನೋ ಕಾಪಾಡುತ್ತಿದ್ದಾಳೆ. ಮೇಷ್ಟ್ರಿಗೆ ಈ ಅನುಮಾನ ಹುಟ್ಟಿದ್ದಕ್ಕೆ ಕಾರಣವೂ ಇತ್ತು. ಅವಳ ಕೈಚೀಲದಲ್ಲಿದ್ದ ಹೊನ್ನಗಾನಪಲ್ಲಿಯ ಮನೆಪಟ್ಟಿಯ ನಕಲನ್ನು ವಿಚಾರಣೆಗೆಂದು ಪಡೆದಾಗ ಅದರ ಕಡೆಯ ಹಾಳೆ ಇರಲಿಲ್ಲ. ಹೊಲಿಗೆಯ ದಾರದಲ್ಲಿ ಕಾಗದದ ಚೂರೊಂದು ಸಿಕ್ಕಿಕೊಂಡಿತ್ತು. ಮಳೆಗೆ ನೆನೆದು ಹರಿದುಹೋಯಿತು ಎಂದಿದ್ದಳು. ಉಳಿದ ಹಾಳೆಗಳಲ್ಲಿ ನೀರಿನ ಗುರುತೇ ಇರಲಿಲ್ಲ.

ಶಿಷ್ಯೆ ಗುರುವಿನೆದುರು ಸುಳ್ಳು ಹೇಳಿದ್ದಳು. ಅದು ಮೇಷ್ಟ್ರನ್ನು ಕೆರಳಿಸಿತ್ತು.

ಹೊನ್ನಗಾನಪಲ್ಲಿಯಲ್ಲಿ ಮೊದಲು ಕಂಡದ್ದೇ ಬಾಗಿಲುಗಳು. ಪ್ರತಿ ಬಾಗಿಲಿನ ಎಡಗಡೆ, ಎದೆಮಟ್ಟದಲ್ಲಿ, ನೀಲಿ ಬಣ್ಣದ ಸಂಖ್ಯೆ. ಕಂಪ್ಯೂಟರಿನ ಯೋಜನೆ ಶುರುವಾಗುವ ಮುನ್ನ, ಎಂಬತ್ತಾರರ ಬೇಸಿಗೆ ರಜೆಯಲ್ಲಿ, ಶಾಲಾ ಮೇಷ್ಟ್ರುಗಳೆಲ್ಲ ಊರೂರು ತಿರುಗಿ ಮನೆಗಳಿಗೆ ಸಂಖ್ಯೆ ಬರೆಸಿ ಪಟ್ಟಿ ಮಾಡಿದ್ದರು. ರಾಮಾಂಜಿನಪ್ಪನವರೂ ಆ ಬೇಸಿಗೆ ತಿರುಗಿದ್ದರು. ಎರಡು ವರ್ಷದ ಮಳೆಗೂ ಬಣ್ಣ ಮಾಸಿರಲಿಲ್ಲ.

ಒಂದನೆಯ ಸಂಖ್ಯೆ ಊರಿನ ದೊಡ್ಡ ಕುಳ ಪಾಪಯ್ಯನ ಮನೆಯದು. ಮೇಷ್ಟ್ರ ಅನುಮಾನದ ಪಟ್ಟಿಯಲ್ಲೂ ಮೊದಲ ಹೆಸರು ಅವನದೇ. ಚುಕ್ಕಿ ಬಿದ್ದ ಊರಿನ ಹಾಲನ್ನು ಡೇರಿಯವರು ಮುಟ್ಟುತ್ತಿರಲಿಲ್ಲ. ಪಾಪಯ್ಯನ ಕೊಟ್ಟಿಗೆಯಲ್ಲಿ ಹನ್ನೊಂದು ಸೀಮೆಹಸುಗಳಿದ್ದವು.

ಪಾಪಯ್ಯ ಸುತ್ತುಬಳಸಿ ಮಾತಾಡಲಿಲ್ಲ. ನರ್ಸಿಗೆ ‘ನೋಡ್ಕೊಂಡು ಬರಿಯಮ್ಮ’ ಎಂದು ತಾನು ಹೇಳಿದ್ದು ನಿಜ ಎಂದು ಒಪ್ಪಿದ. ಆದರೆ ಅವಳು ಮುಖಕ್ಕೆ ಹೊಡೆದಂತೆ ‘ನೋಡಿದ್ದನ್ನೇ ಬರಿಯೋದು’ ಎಂದು ಹೇಳಿ ಹೋದಳಂತೆ. ಕಾರ್ಡನ್ನು ತಡೆಯಲು ಅಂಚೆಯಣ್ಣನೇನೂ ತನ್ನ ಆಳಲ್ಲ ಎಂದು ನಕ್ಕ.

ಅವಳು ಹೆದರದೆ ಕಾರ್ಡು ಬರೆಯುವವಳೆಂದು ಪಾಪಯ್ಯನೇ ಒಪ್ಪಿಕೊಂಡಂತಾಯಿತು. ಹಾಗಾದರೆ ಅವಳು ಬರೆದಿದ್ದಾಳೆ. ಮೇಷ್ಟ್ರು ನೀಲಿ ಸಂಖ್ಯೆಗಳ ಕಡೆ ಕೈ ತೋರಿಸಿ, ಊರಿನಲ್ಲಿ ಒಟ್ಟು ಎಷ್ಟು ಮನೆ ಎಂದು ಕೇಳಿದರು.

“ಅರವತ್ನಾಕು. ನಿಮಗೇ ಗೊತ್ತಲ್ಲ ಮೇಷ್ಟ್ರೆ, ನೀವೇ ಬಂದಿದ್ರಲ್ಲ ಆವಾಗ. ಇದೇ ಜಗ್ಲಿ ಮ್ಯಾಲೆ ಕುಂತು ಕಾಫಿ ಕುಡುದ್ರಿ. ಅಂತಾ ದೊಡ್ಡೋರು ನಮ್ಮ ಲೋಟ ಮುಟ್ಟುದ್ರು ಅಂತ ನಮ್ಮನೆಯೋಳು ಇವತ್ಗೂ ಯೋಳ್ತಾಳೆ.”

ಮೇಷ್ಟ್ರಿಗೆ ಕಾಫಿಯ ನೆನಪಾಯಿತು. ಬೆಲ್ಲದ ಕಾಫಿ, ಹಿತ್ತಾಳೆಯ ಲೋಟ. ಆ ಬೇಸಿಗೆ ಇಂಥ ಎಷ್ಟೋ ಜಗಲಿಗಳ ಮೇಲೆ ಕೂತಿದ್ದರು; ಅದರ ಹಿಂದು ಮುಂದಿನದೇನೂ ನೆನಪಿಗೆ ಬರಲಿಲ್ಲ.

ಊರು ಮುಗಿಯುವಲ್ಲಿ ಒಂದು ಹೊಂಗೆಮರ. ಅದರಾಚೆ ಕೂಗಳತೆಯಲ್ಲಿ ಕಾಲೋನಿ. ಮೇಷ್ಟ್ರು ಕೊಡೆ ಬಿಚ್ಚಿಕೊಂಡು ಮರದವರೆಗೆ ನಡೆದರು. ಮರ ಬಂದ ಕೂಡಲೇ ಕಾಲು ತಾನಾಗಿ ನಿಂತಿತು. ಯಾಕೆ ನಿಂತಿತೆಂದು ಅವರಿಗೇ ಸೋಜಿಗವಾಯಿತು. ಮುಂದಕ್ಕೆ ಹೋದರು.

ಮೂವತ್ತೊಂದು ಮನೆಗಳು. ಅವರು ಒಂದೊಂದನ್ನೂ ಎಣಿಸಿದರು. ಸುಣ್ಣ ಕಂಡ ಗೋಡೆಗಳೂ ಇದ್ದವು, ಬರಿ ಮಣ್ಣಿನವೂ ಇದ್ದವು. ಬಾಗಿಲಿಗೆ ಸೆಗಣಿ ಸಾರಿಸಿ ರಂಗೋಲಿ ಇಟ್ಟವರಿದ್ದರು. ನೀಲಿ ಬಣ್ಣ ಮಾತ್ರ ಒಂದು ಬಾಗಿಲಿನಲ್ಲೂ ಇರಲಿಲ್ಲ.

ಕಡೆಯ ಸಾಲಿನ ಪಿಳ್ಳಮ್ಮನ ಸೊಸೆ ಮುನಿರತ್ನಮ್ಮ ಸತ್ತ ಐವರಲ್ಲಿ ಮೊದಲನೆಯವಳು. ಪಿಳ್ಳಮ್ಮ ಹೊಸ್ತಿಲ ಮೇಲೆ ಕೂತು ಹುರುಳಿ ಕೇರುತ್ತಿದ್ದಳು. ಎದ್ದು ನಿಂತಳು, ಮೊರ ಕೆಳಗಿಡಲಿಲ್ಲ.

“ಕುಂತ್ಕಳಿ ಅನ್ನಾಕೆ ಚಾಪೆ ಇಲ್ಲ ಸಾಮಿ. ಇದ್ದುದ್ನ ಸುಟ್ಬುಟ್ವಿ. ಅವ್ಳು ಮನಗಿದ್ದುದ್ದು.”

ನರ್ಸು ಇಲ್ಲಿಗೆ ಬಂದಿದ್ದಳೇ ಎಂದು ಮೇಷ್ಟ್ರು ಕೇಳಿದರು. ಬಂದದ್ದಷ್ಟೇ ಅಲ್ಲ, ಎರಡು ಹಗಲು ಇಲ್ಲೇ ಇದ್ದಳು ಎಂದಳು ಪಿಳ್ಳಮ್ಮ. ಸಕ್ಕರೆ ಉಪ್ಪು ಕಲಸಿದ ನೀರನ್ನು ಚಮಚದಲ್ಲಿ ಕುಡಿಸಿದಳು. ಬಾವಿಯ ನೀರು ಕಾಯಿಸದೆ ಕುಡಿಯಬೇಡಿ ಎಂದು ಮನೆಮನೆಗೆ ಹೇಳಿದಳು. ವ್ಯಾನು ಕಳಿಸಿ ಎಂದು ಆರೋಗ್ಯ ಕೇಂದ್ರಕ್ಕೆ ಎರಡು ಸಲ ಹೋಗಿ ಬಂದಳು. ಚುಕ್ಕಿ ಬರಲಿ, ಆಮೇಲೆ ನೋಡೋಣ ಎಂದು ಅಲ್ಲಿ ಹೇಳಿ ಕಳಿಸಿದರಂತೆ. ಚುಕ್ಕಿ ಅಂದರೆ ಏನೋ ತಮಗೆ ಗೊತ್ತಿಲ್ಲ, ಆಕಾಶದ್ದಿರಬೇಕು ಎಂದುಕೊಂಡೆವು ಎಂದಳು.

“ಕಾರ್ಡು ಬರೆದದ್ದನ್ನು ನೀನು ಕಂಡೆಯಾ?”

“ಕಂಡೆ. ಇಲ್ಲೇ ಕುಂತು ಬರುದ್ಲು. ಮನೆ ನಂಬರ್ ಎಷ್ಟಜ್ಜಿ ಅಂದ್ಲು. ಗ್ವಾಡೆ ತೋರುಸ್ದೆ. ಇಲ್ಲಿಗ್ಯಾಕೆ ಬರ್ದಿಲ್ಲ ಅಂದ್ಲು. ಬಣ್ಣದೋರು ಆ ಹೊಂಗೆಮರದ ತಾವೇ ನಿಂತ್ಬುಟ್ರು ಕಣವ್ವ, ಈಚೆಗೆ ಬರ್ನಿಲ್ಲ ಅಂದೆ. ನಮ್ಮೋರ್ನೇ ಅಲ್ಗೆ ಕೂಗಿ ಕರುದ್ರು, ಎಷ್ಟು ಜನ ಇದೀರ ಅಂದ್ರು, ವೋದ್ರು.”

“ಯಾರು ಬಂದಿದ್ದರು? ಗುರುತಿದೆಯೇ?”

“ಇಬ್ರು. ಬಣ್ಣದ ಡಬ್ಬ ಹಿಡ್ಕಂಡಿದ್ದೋನು ಒಬ್ಬ. ಇನ್ನೊಬ್ರು ಕೊಡೆಯೋರು. ಬಿಸ್ಲಲ್ವಾ, ಕೊಡೆ ಮುಂದಕ್ಕೆ ಇಳ್ಸಿದ್ರು, ಮಕ ಕಾಣ್ನಿಲ್ಲ.”

ಮೇಷ್ಟ್ರು ತಮ್ಮ ಕೊಡೆಯನ್ನು ಮಡಚಿದರು. ನೆತ್ತಿಯ ಮೇಲೆ ಉರಿಬಿಸಿಲಿತ್ತು. ಗಂಟಲು ಒಣಗಿತ್ತು.

ಪಿಳ್ಳಮ್ಮ ಅದನ್ನು ನೋಡಿ ಒಳಗೆ ಹೋಗಿ ಸ್ಟೀಲಿನ ಲೋಟದಲ್ಲಿ ನೀರು ತಂದಳು. ಕಾಯಿಸಿ ಆರಿಸಿದ್ದು, ನರ್ಸಮ್ಮ ಹೇಳಿಕೊಟ್ಟದ್ದು ಎಂದಳು. ಮೇಷ್ಟ್ರ ಕೈ ಮುಂದೆ ಬಂದು, ಉಸಿರು ಬಿಟ್ಟು ಎಳೆದುಕೊಳ್ಳುವಷ್ಟು ಹೊತ್ತು, ಗಾಳಿಯಲ್ಲಿ ನಿಂತಿತು.

“ರೋಗದ್ ಬಯ ಆದ್ರೆ ಬ್ಯಾಡ ಬುಡಿ ಸಾಮಿ,” ಎಂದಳು ಪಿಳ್ಳಮ್ಮ. “ಅದಾದ್ರೆ ತಪ್ಪಿಲ್ಲ.”

ಮೇಷ್ಟ್ರು ಲೋಟ ತೆಗೆದುಕೊಂಡು ಕಡೆಯ ತೊಟ್ಟಿನವರೆಗೆ ಕುಡಿದರು. ಆದರೆ ಕೈ ನಿಂತದ್ದು ನಿಂತದ್ದೇ. ಕುಡಿದ ನೀರು ಅದನ್ನು ತೊಳೆಯಲಿಲ್ಲ. ಎಲ್ಲರೂ ಒಂದೇ ಎಂದು ಮೂವತ್ತಾರು ವರ್ಷ ಕರಿಹಲಗೆಯ ಮೇಲೆ ಬರೆದ ಕೈ ಅದು. ಬರೆದದ್ದನ್ನು ಮಕ್ಕಳು ಕಲಿತರು. ಬರೆದ ಕೈ ಕಲಿತಿತ್ತೇ?

ನಾಲ್ಕು ಗಂಟೆಗೆ ಹೊಸೂರಿನ ಕೋಣೆಯ ಮುಂದೆ ಮತ್ತೆ ಚಪ್ಪಲಿ ಬಿಡುವಾಗ ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಕಬ್ಬಿಣ ಗಾಜುಗಳ ಒಂದು ಪೆಟ್ಟಿಗೆಯ ಎದುರು ಬರಿಗಾಲಲ್ಲಿ ನಡೆಯುವುದಕ್ಕೆ ಈ ನಾಡಿನಲ್ಲಿ ಯಾರಿಗೂ ಸಂಕೋಚವಿಲ್ಲ. ಮನುಷ್ಯರ ಮೂವತ್ತೊಂದು ಹೊಸ್ತಿಲವರೆಗೆ ನಡೆಯುವುದಕ್ಕೆ ಒಂದು ಮರ ಅಡ್ಡ ನಿಲ್ಲುತ್ತದೆ.

ರಾಮಲಕ್ಷ್ಮಮ್ಮ ಇನ್ನೂ ಬಂದಿರಲಿಲ್ಲ. ಮುನಿಯಲ್ಲಪ್ಪ ವಾರದ ಹಾಳೆ ಅಚ್ಚುಹಾಕಲು ಸಿದ್ಧ ಮಾಡುತ್ತಿದ್ದ. ಮೇಷ್ಟ್ರು ಅವನ ಎದುರಿನ ಕುರ್ಚಿಯಲ್ಲಿ ಕೂತು, ಜೇಬಿನಿಂದ ಖಾಲಿ ಕಾರ್ಡೊಂದನ್ನು ತೆಗೆದರು.

“ನನ್ನ ಕಣ್ಣೆದುರು ಒಂದು ಕಾರ್ಡು ಹೊಡಿ. ಊರು ಹೊನ್ನಗಾನಪಲ್ಲಿ. ಹೆಸರು ಮುನಿರತ್ನಮ್ಮ. ವಾಂತಿಭೇದಿ. ಮನೆ, ಕಾಲೋನಿ ಒಂದು.”

“ಯಾಕೆ ಸಾರ್ ಈಗ…”

“ಹೊಡಿ.”

ಮುನಿಯಲ್ಲಪ್ಪನ ಬೆರಳುಗಳು ನಿಧಾನವಾಗಿ ಚಲಿಸಿದವು. ಯಂತ್ರ ಒಂದು ಸಲ ಕೀಂ ಎಂದಿತು. ಕಪ್ಪು ಪರದೆಯ ಮೇಲೆ ಹಸಿರು ಬಣ್ಣದ ಇಂಗ್ಲಿಷ್ ಅಕ್ಷರಗಳು ಮೂಡಿದವು. ಅವುಗಳ ಅರ್ಥ ಇಷ್ಟೇ: ಇಂಥ ಮನೆ ಇಲ್ಲ.

“ಮತ್ತೆ ಹೊಡಿ.”

ಮತ್ತೆ ಕೀಂ. ಇಂಥ ಮನೆ ಇಲ್ಲ.

“ಸತ್ತವಳ ಮನೆಯ ಹೊಸ್ತಿಲಿನಿಂದ ಈಗ ತಾನೇ ಬರುತ್ತಿದ್ದೇನೆ,” ಎಂದರು ಮೇಷ್ಟ್ರು. “ನಿನ್ನ ಯಂತ್ರ ಸುಳ್ಳು ಹೇಳುವುದಿಲ್ಲ ಎಂದೆ. ಹೀಗೆ ತಳ್ಳಿದ ಕಾರ್ಡುಗಳು ಎಲ್ಲಿ ಹೋಗುತ್ತವೆ?”

ಮುನಿಯಲ್ಲಪ್ಪ ಎದ್ದು, ಸೊಂಟದಿಂದ ಬೀಗದ ಕೈ ತೆಗೆದ. ಬೆಳಿಗ್ಗೆಯೂ ಅದು ಅಲ್ಲೇ ಇದ್ದಿರಬೇಕು. ಬೀರುವಿನ ಕೆಳಗಿನ ಅರೆಯಿಂದ ಹುರಿಯಲ್ಲಿ ಕಟ್ಟಿದ ಕಾರ್ಡಿನ ಕಂತೆಯೊಂದನ್ನು ತಂದು ಮೇಜಿನ ಮೇಲಿಟ್ಟ.

ಮೇಷ್ಟ್ರು ಹುರಿ ಬಿಚ್ಚಿದರು. ನಡುವಿನಿಂದ ಒಂದೊಂದಾಗಿ ಏಳು ಕಾರ್ಡುಗಳು ಸಿಕ್ಕವು. ರಾಮಲಕ್ಷ್ಮಮ್ಮನ ಗುಂಡಗಿನ ಅಕ್ಷರ. ಆ ಅಕ್ಷರವನ್ನು ಕೈಹಿಡಿದು ತಿದ್ದಿಸಿದವರು ಅವರೇ. ಮೊದಲ ಮೂರು ಕಾರ್ಡುಗಳ ಮೇಲೆ ಒಂದೇ ವಾರದ ಅಂಚೆಮುದ್ರೆ. ಮೂರು ಮನೆ, ಒಂದೇ ರೋಗ. ಅಂದೇ ಚುಕ್ಕಿ ಬಿದ್ದಿದ್ದರೆ ಮರುದಿನ ವ್ಯಾನು ಹೊರಡುತ್ತಿತ್ತು. ಮುನಿರತ್ನಮ್ಮ ಸತ್ತದ್ದು ಒಂಬತ್ತು ದಿನಗಳ ನಂತರ.

“ವಾಪಸು ಕಳಿಸಬೇಕಿತ್ತು ಸಾರ್. ರೂಲ್ಸ್ ಅಂಗೇ ಇರೋದು,” ಎಂದ ಮುನಿಯಲ್ಲಪ್ಪ, ನೆಲ ನೋಡುತ್ತ. “ಬೆಂಗ್ಳೂರಿನೋರು ತಿಂಗ್ಳಿಗೊಂದ್ಸಲ ಬಂದು ಎಷ್ಟು ರಿಜೆಕ್ಟ್ ಆಗಿದೆ ಅಂತ ನೋಡ್ತಾರೆ. ಕಮ್ಮಿ ಇದ್ರೆ ಪರ್ಮನೆಂಟ್ ಮಾಡ್ತೀವಿ ಅಂದಿದ್ರು. ಅದುಕ್ಕೇ ಇಟ್ಕೊಂಬುಟ್ಟೆ. ಅದ್ರಲ್ಲಿ ಜೀವ ಇದೆ ಅಂತ ಅನ್ನಿಸ್ಲಿಲ್ಲ ಸಾರ್. ಕಾರ್ಡು ಅಂತಾನೇ ಅನ್ನಿಸ್ತು.”

ಮೇಷ್ಟ್ರಿಗೆ ಮಾತು ಉಕ್ಕಿ ಬಂತು. ರೋಗ ಹಬ್ಬುವ ಮೊದಲೇ ಕೂಗಿ ಹೇಳಲೆಂದು ಇಷ್ಟು ದೊಡ್ಡ ಯಂತ್ರವನ್ನು ತಂದು ಕೂರಿಸಿದರೆ, ನೀನು ಅದರ ಬಾಯಿಗೆ ಬೀಗ ಹಾಕಿ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆಯಲ್ಲ ಎಂದರು. ಓದಿದವನ ಸೋಮಾರಿತನ ಓದದವನ ಕೇಡಿಗಿಂತ ಕೆಟ್ಟದ್ದು ಎಂದರು. ಒಬ್ಬ ಹೆಣ್ಣುಮಗಳು ಇಪ್ಪತ್ತು ದಿನದಿಂದ ಕೊಲೆಗಾತಿಯಂತೆ ತಲೆತಗ್ಗಿಸಿ ನಡೆಯುತ್ತಿದ್ದಾಳೆ, ನೀನು ತಣ್ಣನೆಯ ಗಾಳಿಯಲ್ಲಿ ಕೂತಿದ್ದೀಯೆ ಎಂದರು.

ಮುನಿಯಲ್ಲಪ್ಪ ಅಷ್ಟನ್ನೂ ಕೇಳಿಸಿಕೊಂಡ. ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ.

“ಬೈರಿ ಸಾರ್. ನಾನು ಬೈಸ್ಕಳೋ ಅಂತೋನೇ. ಸೋಮವಾರ ನಾನೂ ಬತ್ತೀನಿ, ಇದ್ನೆಲ್ಲ ಒಪ್ಕಂತೀನಿ. ಆದ್ರೆ ಆ ಮನೆಗಳ್ನ ಬುಟ್ಟಿದ್ದು ನಾನಲ್ಲ. ಮಿಷನ್ನೂ ಅಲ್ಲ. ಪಟ್ಟೀಲಿ ಏನಿತ್ತೋ ಅದ್ನ ಹೊಡ್ದೆ.”

“ಪಟ್ಟಿ ಮಾಡಿದವನು ಯಾರು? ಅವನ ಹೆಸರು ಬೇಕು ನನಗೆ. ಮೂವತ್ತೊಂದು ಮನೆಗಳನ್ನು ಭೂಮಿಯ ಮೇಲೆ ಇಲ್ಲವೆಂದು ಬರೆದವನು ಯಾರು?”

ಮುನಿಯಲ್ಲಪ್ಪ ಬೀರುವಿನಿಂದ ಹೊನ್ನಗಾನಪಲ್ಲಿಯ ಮೂಲಪಟ್ಟಿಯನ್ನು ತೆಗೆದು ಅವರ ಮುಂದೆ ಇಟ್ಟ. ತೆರೆಯಲಿಲ್ಲ.

“ಕಡೇ ಹಾಳೆ ನೋಡಿ ಸಾರ್. ನಾನು ಓದಿ ಹೇಳಲ್ಲ.”

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಒಂದರಿಂದ ಅರವತ್ತನಾಲ್ಕರವರೆಗೆ ಮನೆಗಳು. ಅದರ ಕೆಳಗೆ ಒಂದು ಪ್ರಮಾಣಪತ್ರ. ‘ಮೇಲ್ಕಂಡ ಗ್ರಾಮದ ಪ್ರತಿಯೊಂದು ಮನೆಗೂ ನಾನು ಖುದ್ದಾಗಿ ಭೇಟಿ ಕೊಟ್ಟಿದ್ದೇನೆ. ಈ ಪಟ್ಟಿಯಲ್ಲಿ ಸೇರದ ಮನೆ ಈ ಗ್ರಾಮದಲ್ಲಿ ಇಲ್ಲವೆಂದು ದೃಢೀಕರಿಸುತ್ತೇನೆ.’

ಅದರ ಕೆಳಗೆ ಮೇಲ್ವಿಚಾರಕರ ರುಜು. ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆಳೆದು ಹೆಸರಿನಡಿಗೆ ಗೆರೆಯಾಗಿಸಿದ ರುಜು. ಸಾವಿರಾರು ಮಕ್ಕಳ ಅಂಕಪಟ್ಟಿಯ ಮೇಲೆ ಬಿದ್ದಿದ್ದ ರುಜು.

ರಾಮಾಂಜಿನಪ್ಪ.

ತಂಪುಯಂತ್ರ ಗುಂಯ್‌ಗುಡುತ್ತಲೇ ಇತ್ತು. ಈಗ ಎಲ್ಲವೂ ನೆನಪಿಗೆ ಬಂತು. ನಿವೃತ್ತಿಗೆ ಒಂದೇ ತಿಂಗಳು ಉಳಿದಿತ್ತು. ಕಾಫಿ ಕುಡಿದು, ಬಣ್ಣದ ಡಬ್ಬ ಹಿಡಿದ ಸಹಾಯಕನೊಡನೆ ಹೊಂಗೆಮರದವರೆಗೆ ನಡೆದದ್ದು. ಕೊಡೆಯನ್ನು ಮುಂದಕ್ಕೆ ಇಳಿಸಿ ನಿಂತದ್ದು. ಈ ಬಿಸಿಲಲ್ಲಿ ಒಳಗೆ ಹೋದರೆ ಮನೆಗೆ ಮರಳಿ ಸ್ನಾನ ಮಾಡಬೇಕು, ಬಾವಿಯಲ್ಲಿ ನೀರು ತಳ ಕಂಡಿದೆ ಎಂದು ಅನಿಸಿದ್ದು. ಕಾಲೋನಿಯನ್ನು ಇನ್ನೊಂದು ದಿನ ಬೇರೆಯಾಗಿ ಬರೆದರಾಯಿತು ಎಂದು ಸಹಾಯಕನಿಗೆ ಹೇಳಿದ್ದು. ಆ ಇನ್ನೊಂದು ದಿನ ಬರಲೇ ಇಲ್ಲ. ಎರಡು ವರ್ಷದಲ್ಲಿ ಅದು ಮನಸ್ಸಿನಿಂದ ಅಳಿದುಹೋಗಿದ್ದು ವಯಸ್ಸಿನಿಂದಲ್ಲ. ನೆನಪಿಡುವಷ್ಟು ದೊಡ್ಡ ವಿಷಯವೆಂದು ಅವರಿಗೆ ಅಂದು ಅನಿಸಿರಲಿಲ್ಲ, ಅಷ್ಟೇ.

ಈಗ ತಾನೇ ಈ ಹುಡುಗನಿಗೆ ಆಡಿದ ಮಾತುಗಳೆಲ್ಲ ಗೋಡೆಗೆ ಬಡಿದು ಹಿಂದಿರುಗಿ ಬಂದು ಅವರೆದುರೇ ಕೂತಂತಾಯಿತು.

“ಇದು ರಾಮಲಕ್ಷ್ಮಮ್ಮನಿಗೆ ಗೊತ್ತೇ?” ಎಂದು ಕೇಳಿದರು.

“ಗೊತ್ತು ಸಾರ್,” ಎಂದಿತು ಬಾಗಿಲಿನ ಕಡೆಯಿಂದ ಹೆಣ್ಣುದನಿ.

ರಾಮಲಕ್ಷ್ಮಮ್ಮ ಬರಿಗಾಲಲ್ಲಿ ಗೋಣಿತಾಟಿನ ಮೇಲೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಅವರು ಗಮನಿಸಿರಲಿಲ್ಲ. ಬಿಳಿ ಸೀರೆ ಉಡುವ ಹಕ್ಕನ್ನು ಕಳೆದುಕೊಂಡ ಮೇಲೆ ತಾಯಿಯ ಮನೆಗೂ ಮುಖ ತೋರಿಸದೆ ಹೊಸೂರಿನಲ್ಲೇ ಉಳಿದಿದ್ದವಳು ಅಂದು ಹಸಿರು ನೂಲಿನ ಸೀರೆಯಲ್ಲಿದ್ದಳು.

“ಕಡೆಯ ಹಾಳೆ ಹರಿದವಳು ನೀನೇ.”

“ಹೂಂ ಸಾರ್. ಈ ಮೂಲದ ಹಾಳೇನೂ ಬೀರುವಿನಲ್ಲೇ ಇರ್ಲಿ, ಆಚೆ ತೆಗೀಬೇಡಿ.”

“ಮನೆಗಳನ್ನು ಬಿಟ್ಟವನು ಯಾರೆಂದು ತೋರಿಸುವ ಈ ಹಾಳೆ ಇಲ್ಲದಿದ್ದರೆ, ಇಲ್ಲದ ಮನೆಗಳಿಗೆ ಕಾರ್ಡು ಬರೆದೆ ಎಂದು ನಿನ್ನ ಮೇಲೇ ತಪ್ಪು ಹೊರಿಸುತ್ತಾರೆ. ಅದು ನಿನಗೆ ಗೊತ್ತಿದೆಯೇ?”

“ಗೊತ್ತು. ನಮ್ಮೂರ ಕಾಲೋನೀಲಿ ಹೆಣ್ಮಕ್ಕಳ್ನ ಸ್ಕೂಲಿಗೆ ಅಟ್ಟೋವಾಗ ನಿಮ್ಮ ಹೆಸರು ಹೇಳಿ ಅಟ್ತಾರೆ ಸಾರ್. ಮೇಷ್ಟ್ರು ಇಲ್ದಿದ್ರೆ ರಾಮಲಕ್ಷ್ಮಿ ಎಲ್ಲಿರ್ತಿದ್ಲು ಅಂತ ನಮ್ಮವ್ವ ದಿನಾ ಒಬ್ರಿಗೆ ಹೇಳ್ತಾಳೆ. ಆ ಹೆಸರು ನನ್ ಕೈಯಿಂದ ಕೆಡೋದು ಬ್ಯಾಡ ಅನ್ನಿಸ್ತು.” ಅವಳು ಮೇಜಿನ ಮೇಲಿನ ಕಂತೆಯತ್ತ ನೋಡಿದಳು. “ಕಾರ್ಡು ಸಿಕ್ತಲ್ಲ, ಅಷ್ಟು ಸಾಕು. ಪಟ್ಟಿ ವಿಷ್ಯ ಬರೀಬೇಡಿ. ಕೆಲ್ಸ ಹೋದ್ರೆ ಇನ್ನೊಂದು ಸಿಕ್ತದೆ.”

ಒಬ್ಬ ಹುಡುಗಿಯನ್ನು ಓದಿಸಿದ ಪುಣ್ಯವನ್ನು ಹದಿನೈದು ವರ್ಷಗಳಿಂದ ಅನುಭವಿಸುತ್ತಿದ್ದ ಮನುಷ್ಯನಿಗೆ ಅದರ ಬೆಲೆ ತೆತ್ತವಳು ಯಾರೆಂದು ಅಂದು ತಿಳಿಯಿತು.

ಆಗ ಮೇಜಿನ ಪಕ್ಕದ ಅಚ್ಚುಯಂತ್ರ ಕಿರ್ರೆಂದು ಶುರುವಾಯಿತು. ಮುನಿಯಲ್ಲಪ್ಪ ಮೊದಲೇ ಒತ್ತಿಟ್ಟಿದ್ದ ವಾರದ ಹಾಳೆ ಸಾಲುಸಾಲಾಗಿ ಹೊರಬಂತು. ನಲವತ್ತು ಹಳ್ಳಿಗಳ ಹೆಸರು. ಮೇಷ್ಟ್ರ ಕಣ್ಣು ಮೇಲಿನಿಂದ ಕೆಳಗಿನವರೆಗೆ ಜಾರಿತು. ಒಂದು ಹೆಸರಿನ ಪಕ್ಕದಲ್ಲೂ ಚುಕ್ಕಿ ಇರಲಿಲ್ಲ.

ನಲವತ್ತು ಹಳ್ಳಿ. ನಲವತ್ತು ಪಟ್ಟಿ.

“ಮುನಿಯಲ್ಲಪ್ಪ, ಉಳಿದ ಮೂವತ್ತೊಂಬತ್ತು ಪಟ್ಟಿಗಳ ಮೇಲ್ವಿಚಾರಕ ಯಾರು?”

ಅವನು ಬೀರುವಿನಿಂದ ಇನ್ನಷ್ಟು ಪಟ್ಟಿಗಳನ್ನು ತೆಗೆದು ಕಡೆಯ ಹಾಳೆಗಳನ್ನು ಒಂದೊಂದಾಗಿ ತಿರುವಿ ತೋರಿಸಿದ. ಎಲ್ಲದರಲ್ಲೂ ಅದೇ ರುಜು.

ಮೇಷ್ಟ್ರು ಕಾರ್ಡಿನ ಕಂತೆಯನ್ನು ಮತ್ತೆ ಎಳೆದುಕೊಂಡರು. ಏಳು ಕಾರ್ಡು ಹುಡುಕುವ ಆತುರದಲ್ಲಿ ಮೇಲಿನವನ್ನು ಅವರು ಓದಿಯೇ ಇರಲಿಲ್ಲ. ಎಲ್ಲಕ್ಕೂ ಮೇಲೆ ಎರಡು ಕಾರ್ಡುಗಳು, ಅಂದು ಬೆಳಿಗ್ಗೆಯ ಅಂಚೆಯಲ್ಲಿ ಬಂದವು. ಅಕ್ಷರ ಬೇರೊಬ್ಬ ನರ್ಸಿನದು. ಮೊದಲನೆಯದನ್ನು ಓದಿದರು. ಎರಡನೆಯದನ್ನು ಓದಿದರು. ಕನ್ನಡಕ ಸರಿಮಾಡಿಕೊಂಡು ಅದನ್ನು ಮತ್ತೊಮ್ಮೆ ಓದಿದರು.

“ಏನ್ ಸಾರ್?” ರಾಮಲಕ್ಷ್ಮಮ್ಮ ಗೋಣಿತಾಟಿನಿಂದ ಒಳಗೆ ಹೆಜ್ಜೆಯಿಟ್ಟಳು.

ಒಂದು ಕೈಯಲ್ಲಿ ತಮ್ಮ ರುಜುವಿನ ಹಾಳೆ ಇತ್ತು. ಇನ್ನೊಂದು ಕೈಯಿಂದ ಆ ಕಾರ್ಡನ್ನು ಅವರು ಅವಳತ್ತ ಚಾಚಿದರು. ಅವಳು ನರ್ಸು, ಮೊದಲು ರೋಗವನ್ನು ಓದಿದಳು, ಆಮೇಲೆ ದಿನವನ್ನು, ಕಡೆಗೆ ಉಳಿದದ್ದನ್ನು.

ವಾಂತಿಭೇದಿ, ಬುಧವಾರದಿಂದ. ಊರು ಗೌಡನಕುಂಟೆ. ಹೆಸರು ಭದ್ರಮ್ಮ, ವಯಸ್ಸು ಐವತ್ತೆಂಟು.

ಮನೆ ಸಂಖ್ಯೆ: ಇಲ್ಲ.